ಐದು ಸೆಕೆಂಡ್ ಮತ್ತು ಆಂಟಿಯ ಮೊಸರು

ನಮ್ಮ ಮನೆಯಲ್ಲಿ ಇಂಟರ್‌ನೆಟ್ ನಿಧಾನವಾದರೆ ಬೈಸಿಕೊಳ್ಳುವುದು ಕಂಪನಿಯವರಲ್ಲ, ನಾನು.

ತುಮಕೂರಿನ ಎಸ್.ಎಸ್.ಪುರಂನಲ್ಲಿ ಮಹಡಿ ಮೇಲೆ ನಾನು ಬಾಡಿಗೆಗಿದ್ದೇನೆ. ಕೆಳಗೆ ಓನರ್ ಅಂಕಲ್, ಆಂಟಿ. ಎರಡೆರಡು ಕನೆಕ್ಷನ್ ಯಾಕೆ, ಸುಮ್ನೆ ದುಡ್ಡು ದಂಡ ಅಂತ ಒಂದನ್ನೇ ಹಾಕಿಸಿ ಬಿಲ್ ಅರ್ಧರ್ಧ ಮಾಡಿಕೊಂಡೆವು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಅಂಕಲ್ ಗುಜರಿಗೆ ಹಾಕಲು ತೆಗೆದಿಟ್ಟಿದ್ದ ಹಳೇ ಕಂಪ್ಯೂಟರ್ ನನ್ನ ಕಣ್ಣಿಗೆ ಬಿತ್ತು. ಅದಕ್ಕೆ ಇನ್ನೊಂದು ಲ್ಯಾನ್ ಕಾರ್ಡ್ ಸಿಕ್ಕಿಸಿ, ಲಿನಕ್ಸ್ ಹಾಕಿ, ನಮ್ಮ ಪರವಾಗಿ ಪೇಜ್ ತಂದುಕೊಡೋ ಸ್ಕ್ವಿಡ್ ಅನ್ನೋ ಪ್ರಾಕ್ಸಿ ಕೂರಿಸಿ, ಮೆಟ್ಟಿಲ ಕೆಳಗೆ ರಾಗಿ ಮೂಟೆ ಪಕ್ಕ ಇಟ್ಟು, "ಅಂಕಲ್, ಇನ್ಮೇಲೆ ಇದೇ ನಮ್ಮ ಗೇಟ್‌ವೇ, ಇಂಟರ್‌ನೆಟ್ ಬರೋ ಹೆಬ್ಬಾಗಿಲು" ಅಂದೆ. ಒಂದು ಸಲ ನೋಡಿದ ಪೇಜನ್ನು ಇದು ತೆಗೆದಿಟ್ಟುಕೊಳ್ಳುತ್ತೆ, ಮತ್ತೆ ಕೇಳಿದರೆ ಇಲ್ಲಿಂದಲೇ ಕೊಡುತ್ತೆ, ಎಲ್ಲಾ ಸ್ಪೀಡಾಗುತ್ತೆ ಅಂತ ಭಾಷಣ ಬೇರೆ. (ಈಗ ಹೆಚ್ಚುಕಮ್ಮಿ ಎಲ್ಲಾ ಸೈಟೂ ಎಚ್‌ಟಿಟಿಪಿಎಸ್. ಬೀಗ ಹಾಕಿದ ಪೆಟ್ಟಿಗೆ ಥರ ಸ್ಕ್ವಿಡ್ ಮುಂದೆಯೇ ಹಾದುಹೋಗುತ್ತೆ, ಒಳಗೇನಿದೆ ಅಂತ ಅದಕ್ಕೆ ಗೊತ್ತಾಗಲ್ಲ, ತೆಗೆದಿಡೋ ಮಾತೆಲ್ಲಿ. ಇದನ್ನು ಅಂಕಲ್‌ಗೆ ಇವತ್ತಿನವರೆಗೂ ಹೇಳಿಲ್ಲ.)

ಡಿಸೆಂಬರ್‌ನ ಒಂದು ಬೆಳಿಗ್ಗೆ ಅಂಕಲ್ ಕೆಳಗಿನಿಂದ ಕೂಗಿದರು. "ಏನಪ್ಪಾ, ಪಹಣಿ ನೋಡೋಣ ಅಂತ ಕೂತರೆ ಗಿರಗಿರ ತಿರುಗ್ತಾನೇ ಇದೆಯಲ್ಲಾ!"

ಇಳಿದು ನೋಡಿದೆ. ಹೌದು, ಯಾವ ಸೈಟ್ ಒತ್ತಿದರೂ ಬಿಳಿ ಪರದೆ. ಸ್ವಲ್ಪ ಹೊತ್ತು ಬಿಟ್ಟು ದಬಕ್ ಅಂತ ಪೂರ್ತಿ ಬರುತ್ತೆ. ಮತ್ತೆ ಅದೇ ಸೈಟ್ ಒತ್ತಿದರೆ ತಕ್ಷಣ ತೆರೆಯುತ್ತೆ. ನ್ಯೂಸ್ ಸೈಟ್ ಆದರಂತೂ ಕೇಳಲೇಬೇಡಿ. ಫೋಟೋ ಒಂದು ಕಡೆಯಿಂದ, ಜಾಹೀರಾತು ಇನ್ನೊಂದು ಕಡೆಯಿಂದ, ಅಕ್ಷರ ಮತ್ತೊಂದು ಕಡೆಯಿಂದ ಬರಬೇಕು. ಅಷ್ಟರಲ್ಲಿ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬರಬಹುದು. ಉತ್ತರ ಎಷ್ಟು ಬೇಗ ಬರುತ್ತೆ ಅಂತ ಪಿಂಗ್ ಮಾಡಿದರೆ 9 ಮಿಲಿಸೆಕೆಂಡ್. ಲೈನ್ ಚೆನ್ನಾಗೇ ಇದೆ! ಆಂಟಿ ಫೋನಿನಲ್ಲಿ ಯೂಟ್ಯೂಬ್ ಕೂಡ ಒಂದು ಸಲವೂ ನಿಲ್ಲದೆ ಓಡುತ್ತಿದೆ.

ಆ ಯೂಟ್ಯೂಬನ್ನು ನಾನು ಅಲ್ಲೇ ಹಿಡಿದುಕೊಳ್ಳಬೇಕಿತ್ತು. ಹಿಡಿದುಕೊಳ್ಳಲಿಲ್ಲ. ಬದಲಿಗೆ ಆಂಟಿ ಮೇಲೇ ಅನುಮಾನ ಪಟ್ಟೆ, ಎಲ್ಲಾ ಸ್ಪೀಡನ್ನೂ ಇವರ ಅಡುಗೆ ವಿಡಿಯೋನೇ ನುಂಗ್ತಿದೆ ಅಂತ. "ಆಂಟಿ, ಒಂದರ್ಧ ಗಂಟೆ ನಿಲ್ಲಿಸ್ತೀರಾ?" ಅಂದೆ. ನಿಲ್ಲಿಸಿದರು. ಏನೂ ಬದಲಾಗಲಿಲ್ಲ, ಅವತ್ತು ಸಂಜೆ ನನಗೆ ಬರಬೇಕಿದ್ದ ಬಿಸಿ ಬಜ್ಜಿ ಬರಲಿಲ್ಲ ಅಷ್ಟೆ.

ಆಮೇಲೆ ಕೇಬಲ್. ಎರಡೂ ತುದಿ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿದೆ. ಆಮೇಲೆ ಒಂದು ಇಡೀ ಶನಿವಾರ ಎಂಟಿಯು, ಅಂದರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನೋ ಮಿತಿಯ ಹಿಂದೆ ಬಿದ್ದು 1500 ಬೈಟ್ ಇದ್ದದ್ದನ್ನು 1492 ಮಾಡಿದೆ. ಕಂಪನಿಗೆ ಲಾಗಿನ್ ಆಗೋಕೆ ಬಳಸೋ ಈ ಪಿಪಿಪಿಒಇ ಅನ್ನೋದು ಪ್ರತಿ ಪ್ಯಾಕೆಟ್‌ನಲ್ಲೂ 8 ಬೈಟ್ ತಾನು ತಿನ್ನುತ್ತೆ, ಅದಕ್ಕೆ ಆ ಲೆಕ್ಕ. ತಿನ್ನಲಿ ಪಾಪ, ತೊಂದರೆ ಅದರದ್ದಾಗಿರಲಿಲ್ಲ. ಭಾನುವಾರ ಕ್ಯಾಬಿನೆಟ್ಟನ್ನೇ ಬಿಚ್ಚಿದೆ. ಫ್ಯಾನ್ ರೆಕ್ಕೆಗಳ ಮೇಲೆ ಕಂಬಳಿ ಥರ ಧೂಳು, ಅದರೊಳಗೆ ರಾಗಿ ಕಾಳು, ಮೂಲೆಯಲ್ಲಿ ಹಲ್ಲಿ ಮೊಟ್ಟೆಯ ಎರಡು ಸಿಪ್ಪೆ. ಹಳೇ ಪೇಂಟ್ ಬ್ರಷ್‌ನಲ್ಲಿ ಎಲ್ಲಾ ಗುಡಿಸಿದೆ. ಗರ್‌ರ್ ಅಂತಿದ್ದ ಫ್ಯಾನ್ ಸದ್ದಿಲ್ಲದೆ ತಿರುಗತೊಡಗಿತು. ಪೇಜ್ ಮಾತ್ರ ಹಾಗೇ.

ಕೊನೆಗೆ ಕಂಪನಿಯ ಹುಡುಗನನ್ನು ಕರೆಸಿದೆ. ಅವನು ತನ್ನ ಲ್ಯಾಪ್‌ಟಾಪನ್ನು ನೇರ ಫೈಬರ್ ಡಬ್ಬಿಗೆ ಚುಚ್ಚಿದ, ಎಲ್ಲಾ ಪಟಪಟ ತೆರೆಯಿತು. ನನ್ನ ಗೇಟ್‌ವೇಯನ್ನು ಸತ್ತ ಎಮ್ಮೆ ನೋಡಿದಂಗೆ ನೋಡಿ, "ಸಾರ್, ಇದನ್ನೊಂದು ತೆಗೆದುಬಿಡಿ" ಅಂದ. ಅಂಕಲ್ ಪಕ್ಕದಲ್ಲೇ ಇದ್ದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಸುಮ್ನೆ ಒಂದೊಂದೇ ಸೈಟ್ ಒತ್ತುತ್ತಾ ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು, ಐದು, ಬಂತು. ಇನ್ನೊಂದು ಸೈಟ್. ಐದಕ್ಕೇ ಬಂತು. ಮತ್ತೊಂದು, ಅದೂ ಐದೇ. ಲೈನ್ ಕೆಟ್ಟಿದ್ದರೆ ಒಮ್ಮೆ ಮೂರು, ಒಮ್ಮೆ ಹನ್ನೊಂದು ಆಗಬೇಕಲ್ವಾ? ಇಷ್ಟು ಶಿಸ್ತಾಗಿ ಐದು ಅಂದರೆ ಯಾರೋ ಗಡಿಯಾರ ಹಿಡಿದು ಕಾಯುತ್ತಿದ್ದಾರೆ ಅಂತ ಅರ್ಥ.

ಕಾಯುತ್ತಿದ್ದದ್ದು ಸ್ಕ್ವಿಡ್. ಸೈಟಿನ ಹೆಸರು ಕೊಟ್ಟರೆ ಅದರ ನಂಬರ್ ಹುಡುಕಿ ಕೊಡುವವರು ಡಿಎನ್‌ಎಸ್ ಸರ್ವರ್‌ಗಳು. ಬಿ.ಎಚ್. ರಸ್ತೆಯಲ್ಲಿ ನಿಂತು ಅಂಗಡಿಯವರ ಹತ್ತಿರ ವಿಳಾಸ ಕೇಳುತ್ತೀವಲ್ಲ, ಹಾಗೆ. ಯಾರ ಹತ್ತಿರ ಕೇಳಬೇಕು ಅನ್ನೋ ಪಟ್ಟಿ ರಿಸಾಲ್ವ್ ಡಾಟ್ ಕಾನ್ಫ್ ಅನ್ನೋ ಸಣ್ಣ ಫೈಲಿನಲ್ಲಿರುತ್ತೆ. ತೆರೆದೆ. ಎರಡೇ ಸಾಲು. ಮೊದಲನೆಯದು ನಾವು ನವೆಂಬರ್‌ನಲ್ಲೇ ಬಿಟ್ಟ ಹಳೇ ಕಂಪನಿಯ ಸರ್ವರ್. ಅದು ತನ್ನ ಗಿರಾಕಿಗಳಿಗೆ ಬಿಟ್ಟು ಬೇರೆಯವರಿಗೆ ಬಾಯೇ ಬಿಡಲ್ಲ. ನಮ್ಮ ಸ್ಕ್ವಿಡ್ ಪ್ರತಿ ಹೊಸ ಹೆಸರಿಗೂ ಆ ಷಟರ್ ಎಳೆದ ಅಂಗಡಿ ಮುಂದೆ ಐದು ಸೆಕೆಂಡ್ ನಿಂತು, ಆಮೇಲೆ ಪಕ್ಕದ ಅಂಗಡಿಗೆ ಹೋಗುತ್ತಿತ್ತು. ಒಮ್ಮೆ ಸಿಕ್ಕ ನಂಬರನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತೆ, ಅದಕ್ಕೇ ಎರಡನೇ ಸಲ ಬೇಗ. ಆಂಟಿ ಫೋನಿಗೆ ಪ್ರಾಕ್ಸಿನೇ ಹಾಕಿರಲಿಲ್ಲ, ಅದಕ್ಕೆ ನೇರವಾಗಿ ಗೂಗಲ್‌ನ ಡಿಎನ್‌ಎಸ್ 8.8.8.8 ಕೊಟ್ಟಿದ್ದೆ.

ಕನೆಕ್ಷನ್ ಬದಲಾದಾಗ ಈ ಫೈಲ್ ತಾನಾಗೇ ಬದಲಾಗಬೇಕಿತ್ತಲ್ಲ, ಯಾಕಾಗಲಿಲ್ಲ? ಮೊದಲ ಸಾಲು ಅಳಿಸಲು ಹೋದೆ. ಅನುಮತಿ ಇಲ್ಲ ಅಂತು. ಎಲ್ಲಾ ಅಧಿಕಾರ ಇರೋ ರೂಟ್ ಆಗಿ ಹೋದೆ. ಆಗಲೂ ಇಲ್ಲ ಅಂತು. ಆಗ ನೆನಪಾಯಿತು. ಯಾವ ಪ್ರೋಗ್ರಾಮೂ ಇದನ್ನು ಮುಟ್ಟಬಾರದು ಅಂತ ಎರಡು ವರ್ಷದ ಹಿಂದೆ ಒಬ್ಬ ಬುದ್ಧಿವಂತ ಆ ಫೈಲಿಗೆ ಬೀಗ ಜಡಿದಿದ್ದ. ಮೆಟ್ಟಿಲ ಕೆಳಗಿನ ಆ ಡಬ್ಬದ ಪಾಸ್‌ವರ್ಡ್ ಗೊತ್ತಿರುವುದು ಇಡೀ ತುಮಕೂರಿನಲ್ಲಿ ಒಬ್ಬನಿಗೇ.

ಬೀಗ ತೆಗೆದು, ಸಾಲು ಅಳಿಸಿ, ಸ್ಕ್ವಿಡ್ ರೀಸ್ಟಾರ್ಟ್ ಮಾಡಿದೆ. ಬೆಳಿಗ್ಗೆ ಅಂಕಲ್ ಪಹಣಿ ಒತ್ತಿದ ತಕ್ಷಣ ಬಂತು. "ಏನಾಗಿತ್ತಪ್ಪಾ?" ಅಂದರು. "ಹಳೇ ಕಂಪನಿ ಸರ್ವರ್ ತೊಂದರೆ ಅಂಕಲ್" ಅಂದೆ. ಸುಳ್ಳೇನಲ್ಲ.

ಅಷ್ಟರಲ್ಲಿ ಆಂಟಿ ಅಡುಗೆಮನೆಯಿಂದ ಪಾತ್ರೆ ಹಿಡಿದು ಬಂದರು. "ನೋಡಪ್ಪಾ, ಭಾನುವಾರ ನೀನು ಅದನ್ನ ಬಿಚ್ಚಿ ಏನು ಮಾಡಿದ್ಯೋ, ಅವತ್ತಿಂದ ಮೊಸರು ಹೆಪ್ಪಾಗ್ತಾ ಇಲ್ಲ." ನನಗೆ ತಲೆಬುಡ ಅರ್ಥವಾಗಲಿಲ್ಲ. ಆಮೇಲೆ ಗೊತ್ತಾಯಿತು. ಈ ಚಳಿಗೆ ಹಾಲು ಹೆಪ್ಪಾಗಲ್ಲ ಅಂತ ಅವರು ರಾತ್ರಿ ಹೆಪ್ಪು ಹಾಕಿ ಪಾತ್ರೆಯನ್ನು ಗೇಟ್‌ವೇ ತಲೆ ಮೇಲೆ ಇಡುತ್ತಿದ್ದರಂತೆ, ಅಲ್ಲಿ ಯಾವಾಗಲೂ ಬೆಚ್ಚಗೆ ಇರುತ್ತಿತ್ತಂತೆ. ನಾನು ಧೂಳು ಗುಡಿಸಿದ ಮೇಲೆ ಅದು ತಣ್ಣಗಾಗಿಬಿಟ್ಟಿದೆ.

"ಇಂಟರ್‌ನೆಟ್ ಹೆಂಗಾದ್ರೂ ಇರ್ಲಿ," ಅಂದರು ಆಂಟಿ, "ಮುಂಚಿನ ಥರ ಬಿಸಿ ಮಾಡಿಕೊಡು."