ಮೋರಿಯ ಸ್ಲ್ಯಾಬಿಗೆ ಎಷ್ಟು ಸಹಿ?

ನಮ್ಮ ಬೀದಿಯ ಮೋರಿಗೆ ಸ್ಲ್ಯಾಬ್ ಹಾಕಿಸಿ ಎಂದು 62 ಜನ ಸಹಿ ಹಾಕಿ ಮನವಿ ಕೊಟ್ಟೆವು. ಪಾಲಿಕೆ ಕಚೇರಿಯಲ್ಲಿದ್ದವರು ಹಾಳೆ ತಿರುವಿ, "ಇಷ್ಟೇನಾ? ಜಾಸ್ತಿ ಜನ ಇರ್ಲಿ ಸಾರ್" ಅಂದರು. ಎಷ್ಟು ಅಂತ ಕೇಳಿದೆ. "ಜಾಸ್ತಿ" ಅಂದರು. ಅಕ್ಕಪಕ್ಕದ ಬೀದಿಗಳನ್ನೂ ಅಲೆದು 240 ಮಾಡಿಕೊಂಡು ಹೋದೆವು. ಈ ಸಲ ಕನ್ನಡಕ ಮೂಗಿನ ತುದಿಗೆ ಇಳಿಯಿತು. "ಇಷ್ಟೊಂದು ಸೈನಾ? ಯಾವ ಪಾರ್ಟಿ ಸಾರ್ ನೀವು?"

62 ಕಮ್ಮಿ, 240 ರಾಜಕೀಯ. ನಡುವೆ ಎಲ್ಲೋ ಒಂದು ಶುಭಸಂಖ್ಯೆ ಇರಬೇಕು, ಪಂಚಾಂಗ ನೋಡಿಸಬೇಕು ಅಷ್ಟೆ.

ಹಾಗಂತ ಸರ್ಕಾರಕ್ಕೆ ಎಣಿಸಲು ಬರಲ್ಲ ಅನ್ನಬೇಡಿ. 50ಕ್ಕಿಂತ ಜಾಸ್ತಿ ಮರ ಕಡಿಯುವುದಾದರೆ ಜನರ ಆಕ್ಷೇಪಣೆ ಕೇಳಬೇಕು ಎಂದು ಕಾನೂನೇ ಇದೆ. ಎಷ್ಟು ಜನ ಆಕ್ಷೇಪಿಸಿದರೆ ಮರ ಉಳಿಯುತ್ತದೆ? ಅದು ಮಾತ್ರ ಇಲ್ಲ. ಇನ್ನು 2016ರಲ್ಲಿ ಬೆಂಗಳೂರಿನಲ್ಲಿ ಕಟ್ಟಲು ಹೊರಟಿದ್ದ ಉಕ್ಕಿನ ಸೇತುವೆಯ ಗಣಿತವನ್ನಂತೂ ಶಾಲೆಯಲ್ಲಿ ಪಾಠ ಮಾಡಬೇಕು. ಜನರ ಅಭಿಪ್ರಾಯ ಕೇಳಿದ್ದಕ್ಕೆ 299 ಇಮೇಲ್ ಬಂದವು, ಶೇ 73 ಸೇತುವೆಯ ಪರ ಎಂದಿತು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ. ಅಂದರೆ ಸುಮಾರು 218 ಜನ. 1,791 ಕೋಟಿಯ ಸೇತುವೆಗೆ 218 ಸಾಕು, ಮೋರಿಗೆ 240 ಸಾಲದು! ಆಮೇಲೆ ಸಾವಿರಾರು ಜನ ರಸ್ತೆಗೆ ಬಂದು ಕೈ ಕೈ ಹಿಡಿದು ನಿಂತ ಮೇಲೆಯೇ, 2017ರಲ್ಲಿ, ಅದನ್ನು ಕೈಬಿಟ್ಟದ್ದು.

ಬ್ರಿಟನ್ನಿನವರು 2009ರಲ್ಲಿ ಇದಕ್ಕೊಂದು ಕಾನೂನು ಮಾಡಿದ್ದರು. ಇಷ್ಟು ಸಹಿ ಬಂದರೆ ಕೌನ್ಸಿಲಿನಲ್ಲಿ, ಅಂದರೆ ಅಲ್ಲಿನ ಸ್ಥಳೀಯ ಆಡಳಿತದಲ್ಲಿ, ಚರ್ಚೆ ಆಗಲೇಬೇಕು, ಆ ಮಿತಿ ಅಲ್ಲಿನ ಜನಸಂಖ್ಯೆಯ ಶೇ 5 ಮೀರಬಾರದು ಅಂತ. ಎರಡೇ ವರ್ಷಕ್ಕೆ ಅವರೂ ಸುಸ್ತಾಗಿ 2011ರ ಇನ್ನೊಂದು ಕಾನೂನಿನಲ್ಲಿ ಆ ಕಡ್ಡಾಯ ತೆಗೆದರು. ಸುಮ್ನೆ ಲೆಕ್ಕ ಹಾಕಿದೆ. 2011ರ ಜನಗಣತಿಯಲ್ಲಿ ಬೆಂಗಳೂರು ಪಾಲಿಕೆಯಲ್ಲಿ 84 ಲಕ್ಷ ಜನ. ಶೇ 5 ಅಂದರೆ 4.2 ಲಕ್ಷ ಸಹಿ. ಅಷ್ಟಾದರೆ ಸ್ಲ್ಯಾಬೇ ಬೇಡ, ಆ ಹಾಳೆಗಳನ್ನೇ ಮೋರಿಯ ಮೇಲೆ ಹಾಸಬಹುದು. ಊರಿಗೆಲ್ಲ ಒಂದೇ ಲೆಕ್ಕ ಇಡಬಾರದು, ಬೀದಿಯ ಕೆಲಸಕ್ಕೆ ಬೀದಿಯ ಲೆಕ್ಕ, ವಾರ್ಡಿನ ಕೆಲಸಕ್ಕೆ ವಾರ್ಡಿನ ಲೆಕ್ಕ. ಇದಕ್ಕೇನು ತಜ್ಞರ ಸಮಿತಿ ಬೇಕೇ?

ಇಷ್ಟಕ್ಕೂ ಚರ್ಚೆ ಮಾಡಲು ಯಾರಿದ್ದರು? 2020ರ ಸೆಪ್ಟೆಂಬರಿನಲ್ಲಿ ಕಾರ್ಪೊರೇಟರುಗಳ ಅವಧಿ ಮುಗಿಯಿತು. ಚುನಾವಣೆ ಇಲ್ಲದೆ ಐದು ವರ್ಷ ಕಳೆದು, 2025ರಲ್ಲಿ ಪಾಲಿಕೆಯನ್ನೇ ಐದು ಮಾಡಿದರು. ನಮ್ಮ ಮನವಿ ಓದಬೇಕಾದವರನ್ನು ಆರಿಸಲೂ ಬಿಡದೆ, ಸಹಿ ಕಮ್ಮಿ ಅಂತೀರಲ್ಲ, ನಾಚಿಕೆ ಆಗಲ್ವಾ? ಒಂದು ಸಂಖ್ಯೆ ಹೇಳಿ. ಹತ್ತು ಅನ್ನಿ, ಸಾವಿರ ಅನ್ನಿ. ತಂದುಕೊಡ್ತೀವಿ.

ಮೊನ್ನೆ ಮಳೆಯಲ್ಲಿ ಎದುರುಮನೆ ಅಜ್ಜಿ ಅದೇ ಮೋರಿಗೆ ಬಿದ್ದು ಬಲಗೈ ಮುರಿದುಕೊಂಡರು. ಎರಡೂ ಪಟ್ಟಿಯಲ್ಲಿ ಅವರ ಸಹಿ ಇದೆ. ಮೂರನೇ ಪಟ್ಟಿ ಹಿಡಿದು ಹೋದಾಗ ಪ್ಲಾಸ್ಟರ್ ಹಾಕಿದ ಕೈ ತೋರಿಸಿ ಅಂದರು: "ಎಡಗೈ ಹೆಬ್ಬೆಟ್ಟು ನಡೆಯುತ್ತಾ, ಕೇಳಿ ನೋಡಪ್ಪ."