ಬೈಟು

ಬೆಂಗಳೂರಿನ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಮುಂದೆ ಭಾನುವಾರ ಬೆಳಗ್ಗೆ ನಿಂತವರಿಗೆ ಗೊತ್ತು, ದೋಸೆಗಿಂತ ಮೊದಲು ಹೆಸರು ಬರೆಸಬೇಕು. 1943ರಿಂದ ಇರುವ ಹೋಟೆಲು. ನಮ್ಮ ನಿಮ್ಮ ಹಸಿವಿಗೆಲ್ಲ ಗಾಬರಿಯಾಗುವುದಿಲ್ಲ. ನಾನು ‘ಇಬ್ಬರು’ ಅಂತ ಬರೆಸುತ್ತೇನೆ. ಪ್ರತಿ ಸಲವೂ ಅದು ಅರ್ಧ ಸುಳ್ಳು. ಎರಡನೆಯವನು ಆಗಿನ್ನೂ ಮನೆಯಲ್ಲಿ ಸಾಕ್ಸ್ ಹುಡುಕುತ್ತಿರುತ್ತಾನೆ.

ಕಾಲೇಜಿನ ಕಾಲದಿಂದ ಗೆಳೆಯ. ಮನೆ ಎಲೆಕ್ಟ್ರಾನಿಕ್ ಸಿಟಿಯ ಹತ್ತಿರ. ಫೋನ್ ಮಾಡಿದರೆ ಒಂದೇ ಮಾತು: ‘ಸಿಲ್ಕ್ ಬೋರ್ಡ್ ಹತ್ರ ಇದ್ದೀನಿ ಕಣೋ, ಬಂದೇಬಿಟ್ಟೆ.’ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ಅಂದ ಮೇಲೆ ಈ ಊರಿನಲ್ಲಿ ಮರುಪ್ರಶ್ನೆ ಇಲ್ಲ. ನಮ್ಮ ಹೆಸರು ಕೂಗುತ್ತಾರೆ, ಹೋಗುತ್ತದೆ. ಹಿಂದಿನವರು ನನ್ನನ್ನು ಕನಿಕರದಿಂದ ನೋಡುತ್ತಾ ಒಳಗೆ ಹೋಗುತ್ತಾರೆ.

ಮೊದಮೊದಲು ಜಗಳವಾಡುತ್ತಿದ್ದೆ. ಆಮೇಲೆ ಉಪಾಯ ಕಂಡುಕೊಂಡೆ. ಎಂಟೂವರೆಗೆ ಸೇರಬೇಕಾದರೆ ಎಂಟಕ್ಕೆ ಅಂತ ಹೇಳುವುದು. ಸ್ವಲ್ಪ ದಿನ ನಡೆಯಿತು. ಅವನಿಗೆ ವಾಸನೆ ಬಡಿಯಿತು. ನಾನು ಏಳೂವರೆಗೆ ಇಳಿದೆ. ಅವನೂ ಲೆಕ್ಕ ಬದಲಾಯಿಸಿದ. ಕೊನೆಗೆ ನಾನು ಹೇಳುವ ಸಮಯಕ್ಕೂ ಗಡಿಯಾರಕ್ಕೂ ಸಂಬಂಧವೇ ಉಳಿಯಲಿಲ್ಲ. ಇನ್ನೊಂದು ದಾರಿಯೂ ಇತ್ತು, ಅವನು ಬರುವುದೇ ಇಲ್ಲ ಅಂದುಕೊಂಡುಬಿಡುವುದು. ಬಂದರೆ ಲಾಭ, ಬರದಿದ್ದರೆ ಬೇಜಾರಿಲ್ಲ. ಆದರೆ ಹಾಗೆ ಅಂದುಕೊಂಡ ದಿನ ನಾನು ಒಬ್ಬನೇ ತಿಂದ ದೋಸೆ ಇದೆಯಲ್ಲ, ಬೆಣ್ಣೆ ಹಾಕಿದ್ದರೂ ಗಂಟಲಲ್ಲಿ ಇಳಿಯಲಿಲ್ಲ.

2025ರ ಆಗಸ್ಟ್ 10ರಂದು ಹಳದಿ ಮೆಟ್ರೋ ಮಾರ್ಗ ಉದ್ಘಾಟನೆಯಾಯಿತು. ಬೊಮ್ಮಸಂದ್ರದಿಂದ ಆರ್.ವಿ. ರೋಡಿಗೆ, ಸಿಲ್ಕ್ ಬೋರ್ಡಿನ ತಲೆಯ ಮೇಲಿಂದಲೇ. ನಾನು ಒಳಗೊಳಗೇ ಕುಣಿದೆ. ಇನ್ನು ಇವನಿಗೆ ನೆಪವೇ ಇಲ್ಲ! ಮೊದಲ ಭಾನುವಾರ ಫೋನ್ ಬಂತು: ‘ಒಂದು ರೈಲು ತಪ್ಪಿತು ಕಣೋ. ಇನ್ನೊಂದು ಇಪ್ಪತ್ತೈದು ನಿಮಿಷಕ್ಕಂತೆ.’ ಆಗ ಇದ್ದದ್ದೇ ಮೂರು ರೈಲು. ಅವನು ಹೇಳಿದ್ದು ನಿಜವೇ. ಮೆಟ್ರೋದವರು ಇವನಿಗೆಂದೇ ವೇಳಾಪಟ್ಟಿ ಮಾಡಿದ ಹಾಗಿತ್ತು. ಬರಬರುತ್ತಾ ರೈಲುಗಳು ಜಾಸ್ತಿಯಾದವು. ಇವನ ತಡವೂ ನಲವತ್ತು ನಿಮಿಷದಿಂದ ಇಪ್ಪತ್ತಕ್ಕೆ ಇಳಿಯಿತು.

‘ನೋಡು, ಬದಲಾಗಿದ್ದಾನೆ’ ಅಂದೆ ಮನೆಯಲ್ಲಿ.

‘ಅವರೆಲ್ಲಿ ಬದಲಾದ್ರು? ಬದಲಾಗಿದ್ದು ರೈಲು’ ಅಂದಳು ಹೆಂಡತಿ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವ ಪಕ್ಷದವಳು. ಅವಳ ಬಳಿ ಸಾಕ್ಷಿಯೂ ಇದೆ. ಧರ್ಮಾಂಬುಧಿ ಕೆರೆಯನ್ನು ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಮಾಡಿದೆವು, ಸಂಪಂಗಿ ಕೆರೆಯನ್ನು ಕಂಠೀರವ ಸ್ಟೇಡಿಯಂ ಮಾಡಿದೆವು. ಆದರೂ ಜೋರು ಮಳೆ ಬಂದ ದಿನ ಈ ಊರಿನ ನೀರು ಹಳೇ ವಿಳಾಸ ಹುಡುಕಿಕೊಂಡು ಹೊರಡುತ್ತದೆ. ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಆದರೆ ರೈಲು ಸುಮ್ನೆ ಬಂದು ನಿಂತರೆ ಆಯಿತೇ? ಹತ್ತುವವನು ಹಾಸಿಗೆ ಬಿಟ್ಟು ಏಳಬೇಕಲ್ವಾ? ಆ ಇಪ್ಪತ್ತು ನಿಮಿಷದಲ್ಲಿ ಒಂದೈದಾದರೂ ಅವನದೇ ಇರಬೇಕು.

ಇದನ್ನೆಲ್ಲ ಯೋಚಿಸುವಂತೆ ಮಾಡಿದವಳು ಅಕ್ಕನ ಮಗಳು. ಅವಳನ್ನು ಒಮ್ಮೆ ಅಳಿಸಿ ಹೋದ ಹುಡುಗ ತಿರುಗಿ ಬಂದಿದ್ದಾನೆ. ‘ಇನ್ಮೇಲೆ ಹಾಗೆ ಮಾಡಲ್ಲ’ ಅಂದನಂತೆ. ಅವಳು ನನ್ನನ್ನು ಕೇಳಿದಳು, ‘ಮಾಮ, ಜನ ನಿಜವಾಗ್ಲೂ ಬದಲಾಗ್ತಾರಾ?’ ನಾನು ಬಾಯಿ ತೆರೆಯುವ ಮೊದಲೇ ಉತ್ತರವನ್ನೂ ಅವಳೇ ಹೇಳಿದಳು: ‘ಈ ಸಲ ಹುಷಾರಾಗಿರ್ತೀನಿ. ಮನಸ್ಸು ಪೂರ್ತಿ ಕೊಡಲ್ಲ. ಅರ್ಧ ನನ್ ಹತ್ರಾನೇ ಇಟ್ಕೊಂಡಿರ್ತೀನಿ.’

‘ಮನಸ್ಸೇನು ಬೈಟು ಕಾಫಿಯಾ ಪುಟ್ಟಿ?’ ಅಂದೆ. ನಕ್ಕಳು. ಕಣ್ಣು ನಗಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಅವಳಿಗೆ ತಮಾಷೆಯಾಗಿ ಅಂದೆನಲ್ಲ, ನಾನು ಮಾಡುತ್ತಿರುವುದೇನು? ಹಾಲಿಗೆ ಬಾಯಿ ಸುಟ್ಟುಕೊಂಡು ಮಜ್ಜಿಗೆಯನ್ನೂ ಊದಿ ಕುಡಿಯುತ್ತಿದ್ದೇನೆ. ಗೆಳೆಯ ತಡವಾಗಿ ಬಂದು ನನ್ನನ್ನು ನೋಯಿಸಿದ್ದು ಹೌದು. ಆದರೆ ಅವನಿಗೆ ಇಷ್ಟು ವರ್ಷ ಒಂದು ದಿನವೂ ಸರಿಯಾದ ಟೈಮ್ ಹೇಳದವನು ನಾನು. ಸರಿಯಾದ ಟೈಮೇ ಗೊತ್ತಿಲ್ಲದವನು ಸರಿಯಾದ ಟೈಮಿಗೆ ಬರುವುದು ಹೇಗೆ?

ಹಾಗಾಗಿ ಈ ಭಾನುವಾರ ನಿಜ ಹೇಳಿದೆ. ಎಂಟೂವರೆ ಅಂದರೆ ಎಂಟೂವರೆ. ‘ಏನೋ, ಆರೋಗ್ಯ ಸರಿ ಇದೆಯಾ?’ ಅಂದ. ಅನುಮಾನ ಸಹಜವೇ.

ಎಂಟೂ ಇಪ್ಪತ್ತಕ್ಕೆ ಫೋನು. ‘ಆರ್.ವಿ. ರೋಡಲ್ಲಿ ಬದಲಾಯಿಸ್ತಾ ಇದ್ದೀನಿ.’ ಅಲ್ಲಿ ಹಳದಿ ಇಳಿದು ಹಸಿರು ಹತ್ತಬೇಕು. ಜಯನಗರ, ಸೌತ್ ಎಂಡ್, ಲಾಲ್‌ಬಾಗ್, ನ್ಯಾಷನಲ್ ಕಾಲೇಜು. ಅಲ್ಲಿಂದ ಗಾಂಧಿ ಬಜಾರಿಗೆ ಕಾಲ್ನಡಿಗೆ. ಆ ನಡಿಗೆಗೆ ಮಾತ್ರ ಯಾವ ಮೆಟ್ರೋವೂ ಸಹಾಯ ಮಾಡುವುದಿಲ್ಲ. ದಾರಿಯಲ್ಲಿ ಪರಿಚಯದವರು ಸಿಕ್ಕರೆ ಅವನು ನಿಲ್ಲುವವನೇ.

ನಾನು ‘ಇಬ್ಬರು’ ಅಂತ ಬರೆಸಿ ನಿಂತೆ. ನಮಗಿಂತ ಮುಂದೆ ಏಳು ಹೆಸರಿದ್ದವು.