ಬ್ರೇಕ್ ಟೆಸ್ಟಿನ ಚೀಟಿ ಡ್ರೈವರ್ ಕೈಗೂ ಬರಲಿ

ನಮ್ಮ ಕಡೆ ಆರ್‌ಟಿಒ ಇನ್‌ಸ್ಪೆಕ್ಟರ್‌ಗೆ ಜನ ಇವತ್ತಿಗೂ ಬ್ರೇಕ್ ಇನ್‌ಸ್ಪೆಕ್ಟರ್ ಅಂತಲೇ ಹೇಳುತ್ತಾರೆ. ಗಾಡಿಯಲ್ಲಿ ಮೊದಲು ನೋಡಬೇಕಾದ್ದು ಏನು ಅಂತ ಆ ಹೆಸರಲ್ಲೇ ಇದೆ ಅಲ್ವಾ? ಆದರೆ ಎಫ್‌ಸಿ, ಅಂದರೆ ಗಾಡಿ ರಸ್ತೆಗೆ ಫಿಟ್ ಅನ್ನೋ ಸರ್ಟಿಫಿಕೇಟ್ ಮಾಡಿಸೋ ದಿನ ಬಂತು ಅಂದರೆ ನಾವು ಲಾರಿ ಓನರ್‌ಗಳು ಮಾಡುತ್ತಿದ್ದದ್ದು ಪೇಂಟ್ ಹೊಡೆಸೋದು, ರೇಡಿಯಂ ಅಂಟಿಸೋದು, ಲೈಟ್ ಸರಿ ಮಾಡಿಸೋದು. ಒಂದು ದಿನಕ್ಕೆ ಒಳ್ಳೆ ಟೈರ್ ಬಾಡಿಗೆಗೆ ತಂದು ಹಾಕಿದವರನ್ನೂ ನೋಡಿದ್ದೇನೆ. ಮೈದಾನದಲ್ಲಿ ನಾಲ್ಕು ಮಾರು ಓಡಿಸಿ ಬ್ರೇಕ್ ಒತ್ತಿದರೆ ಗಾಡಿ ನಿಲ್ಲುತ್ತಿತ್ತು. ಖಾಲಿ ಗಾಡಿ, ನಿಂತೇ ನಿಲ್ಲುತ್ತದೆ.

ನನ್ನದು ಹತ್ತು ಚಕ್ರದ ಎರಡು ಲಾರಿ. ಹುಬ್ಬಳ್ಳಿಯಿಂದ ಅಂಕೋಲಾ ಲೈನು, ಅಂದರೆ ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿಯಲೇಬೇಕು. ಕಳೆದ ಸಲ ಎಫ್‌ಸಿಗೆ ಮುಂಚೆ ಮೂರು ವಾರದಿಂದ ನಮ್ಮ ಡ್ರೈವರ್ ಒಂದೇ ಮಾತು ಹೇಳುತ್ತಿದ್ದ, "ಅಣ್ಣ, ಬ್ರೇಕ್ ಹಿಡಿದ್ರೆ ಎಡಕ್ಕೆ ಎಳೀತದೆ." ಮೆಕ್ಯಾನಿಕ್ ನೋಡಿ ಏನಿಲ್ಲ ಅಂದ. ನಾನೂ ಸುಮ್ನಾದೆ. ಅದು ನನ್ನ ತಪ್ಪು.

ಆಮೇಲೆ ಎಫ್‌ಸಿಗೆ ಅಂತ ಗಾಡಿ, ಯಂತ್ರದಲ್ಲೇ ಟೆಸ್ಟ್ ಮಾಡೋ ಸೆಂಟರಿಗೆ ಹೋಯಿತು. ಮುಂದಿನ ಎರಡು ಚಕ್ರ ರೋಲರ್ ಮೇಲೆ ನಿಂತವು. ರೋಲರೇ ಚಕ್ರವನ್ನು ತಿರುಗಿಸುತ್ತದೆ, ಡ್ರೈವರ್ ಪೆಡಲ್ ಒತ್ತಿದಾಗ ಚಕ್ರ ಎಷ್ಟು ಬಲವಾಗಿ ತಡೆಯುತ್ತದೆ ಅಂತ ಅಳೆಯುತ್ತದೆ, ಎಡದ್ದು ಬೇರೆ, ಬಲದ್ದು ಬೇರೆ. ಎಡಗಡೆ ಅಂಕಿ ಸರಸರ ಏರಿತು. ಬಲಗಡೆಯದು ಅರ್ಧಕ್ಕೇ ನಿಂತಿತು. ಗಾಡಿ ಫೇಲ್. ಬಲಗಡೆ ಚಕ್ರದ ಜೊತೆ ತಿರುಗೋ ಬ್ರೇಕ್ ಡ್ರಮ್ ಬಿಚ್ಚಿಸಿದರೆ, ಚಕ್ರದ ನಡುವಿನ ಹಬ್‌ನ ಆಯಿಲ್ ಸೀಲ್ ಹೋಗಿ, ಡ್ರಮ್ಮನ್ನು ಒಳಗಿಂದ ಒತ್ತಿ ಹಿಡಿಯೋ ಲೈನರ್ ಪೂರ್ತಿ ಗ್ರೀಸಲ್ಲಿ ನೆಂದಿತ್ತು, ಬೆರಳಿಟ್ಟರೆ ಕಪ್ಪಗೆ ಅಂಟುತ್ತಿತ್ತು. ಮುಚ್ಚಿದ ಡ್ರಮ್ಮಿನ ಒಳಗಿನದು ಯಾವ ಇನ್‌ಸ್ಪೆಕ್ಟರ್ ಕಣ್ಣಿಗೆ ಕಾಣುತ್ತದೆ ಹೇಳಿ.

ಸ್ಟೀರಿಂಗೂ ಹಾಗೇ. ಗುಂಡಿಯ ಮೇಲೆ ಗಾಡಿ ನಿಲ್ಲಿಸಿ, ಚಕ್ರದ ಕೆಳಗಿನ ಪ್ಲೇಟನ್ನು ಆಚೆ ಈಚೆ ಜಗ್ಗುತ್ತಾರೆ. ಕಿಂಗ್ ಪಿನ್, ಟೈ ರಾಡ್ ಎಂಡ್, ಕಮಾನುಪಟ್ಟಿಯ ಶಾಕಲ್ ಪಿನ್, ಇಂಥ ಜೋಡಣೆಗಳಲ್ಲಿ ಎಲ್ಲಿ ಸವೆದು ಸಡಿಲ ಆಗಿದೆಯೋ ಅಲ್ಲಿ ಅಲುಗಾಡೋದು ಕೆಳಗೆ ನಿಂತವನಿಗೆ ಕಾಣುತ್ತದೆ. ಸ್ಟೀರಿಂಗ್ ಚಕ್ರ ಹಿಡಿದು ಅಲ್ಲಾಡಿಸಿದರೆ ಇಷ್ಟು ಗೊತ್ತಾಗೋದಿಲ್ಲ.

ಹೆವಿ ಗಾಡಿಗಳಿಗೆ ಈ ಯಂತ್ರದ ಟೆಸ್ಟ್ ಕಡ್ಡಾಯ ಅಂತ ಮೊದಲು 2023ರ ಏಪ್ರಿಲ್ 1 ಅಂದಿದ್ದರು, ಆಮೇಲೆ 2024ರ ಅಕ್ಟೋಬರ್ 1ಕ್ಕೆ ಹಾಕಿದರು. ಸೆಂಟರ್ ದೂರ, ಒಂದು ದಿನದ ಬಾಡಿಗೆ ಹೋಗುತ್ತದೆ ಅಂತ ನಮ್ಮವರು ಗೊಣಗುತ್ತಾರೆ. ನಿಜ, ಸೆಂಟರ್ ಜಾಸ್ತಿ ಆಗಬೇಕು. ಆದರೆ ಯಂತ್ರವೇ ಬೇಡ ಅನ್ನೋದನ್ನು ನಾನು ಒಪ್ಪೋದಿಲ್ಲ.

ಹಾಗಂತ ಪಾಸಾದ ಗಾಡಿ ಘಾಟ್ ಇಳಿಯುತ್ತದೆ ಅಂತ ಧೈರ್ಯವಾಗಿ ಕೂರೋ ಹಾಗೂ ಇಲ್ಲ. ರೋಲರ್ ಮೇಲೆ ಹೋಗುವಾಗ ನಮ್ಮ ಗಾಡಿ ಖಾಲಿ, ಡ್ರಮ್ ತಣ್ಣಗೆ. ಘಾಟಿನಲ್ಲಿ ಲೋಡ್ ಸೇರಿ 28.5 ಟನ್‌ವರೆಗೂ ಇರುತ್ತದೆ. ಬ್ರೇಕ್ ಹಿಡಿದು ಹಿಡಿದು ಡ್ರಮ್ ಕಾದರೆ ಅದು ಹಿಗ್ಗಿ ಲೈನರಿನಿಂದ ದೂರ ಹೋಗುತ್ತದೆ, ಗಾಳಿಯ ಒತ್ತಡದಿಂದ ಬ್ರೇಕ್ ಹಿಡಿಸೋ ಏರ್ ಚೇಂಬರಿನ ರಾಡ್ ಇನ್ನೂ ಉದ್ದ ಹೊರಗೆ ಬರಬೇಕಾಗುತ್ತದೆ. ಲೈನರ್ ಮತ್ತು ಡ್ರಮ್ಮಿನ ನಡುವಿನ ಸಂದು ಹೊಂದಿಸೋ ಸ್ಲಾಕ್ ಅಡ್ಜಸ್ಟರ್ ಮೊದಲೇ ಸಡಿಲ ಇದ್ದರೆ ರಾಡ್ ಕೊನೆ ಮುಟ್ಟಿಬಿಡುತ್ತದೆ, ಆಮೇಲೆ ಎಷ್ಟು ಒತ್ತಿದರೂ ಲೈನರ್ ಹಿಡಿಯೋದಿಲ್ಲ. ಗಾಡಿಗೆ ಎಂಟು ವರ್ಷ ಆಗುವವರೆಗೆ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಮಧ್ಯದ ದಿನಗಳಲ್ಲಿ ಇದನ್ನೆಲ್ಲ ನೋಡಬೇಕಾದವನು ಡ್ರೈವರೇ.

ಆ ಡ್ರೈವರಿಗೇ ನಾವು ಏನೂ ಹೇಳೋದಿಲ್ಲ. ರಿಪೋರ್ಟ್ ಓನರ್‌ಗೆ ಬರುತ್ತದೆ, ಓನರ್ ಪಾಸಾ ಫೇಲಾ ಅಷ್ಟು ನೋಡಿ ಫೈಲಿಗೆ ಹಾಕುತ್ತಾನೆ. ಯಾವ ಚಕ್ರ ಎಷ್ಟು ಹಿಡಿಯಿತು ಅನ್ನೋದು ಸ್ಟೀರಿಂಗ್ ಹಿಡಿದು ಕೂತವನಿಗೆ ಗೊತ್ತೇ ಇರೋದಿಲ್ಲ. ಸಾರಿಗೆ ಇಲಾಖೆಯವರೇ, ದಯವಿಟ್ಟು ಆ ಅಂಕಿಗಳನ್ನು ಕನ್ನಡದಲ್ಲಿ ಒಂದು ಚೀಟಿ ಮಾಡಿ ಡ್ರೈವರ್ ಕೈಗೂ ಕೊಡಿ. ಚಕ್ರದ ಚಿತ್ರ ಬರೆದು ಪಕ್ಕದಲ್ಲಿ ಅಂಕಿ ಹಾಕಿದರೆ ಸಾಕು.

ನಾನಂತೂ ಎರಡೂ ಗಾಡಿಯ ಕ್ಯಾಬಿನ್ನಿನಲ್ಲಿ ಕೈಯಲ್ಲೇ ಬರೆದು ಅಂಟಿಸಿದ್ದೇನೆ. ಬಲ ಮುಂದಿನ ಚಕ್ರದ ಪಕ್ಕ ಹೊಸ ಸೀಲ್, ಹೊಸ ಲೈನರ್ ಹಾಕಿದ ತಾರೀಖೂ ಇದೆ. ಈಗ ಡ್ರೈವರ್ ಯಲ್ಲಾಪುರದಲ್ಲಿ ಚಹಾಕ್ಕೆ ನಿಂತಾಗ ಆರೂ ಡ್ರಮ್ಮಿನ ಹತ್ತಿರ ಕೈ ಹಿಡಿದು ಬಿಸಿ ನೋಡಿ, ನನಗೆ ಫೋನ್ ಮಾಡಿ, ಆಮೇಲೆ ಘಾಟ್ ಇಳಿಯುತ್ತಾನೆ.